ಲೆಕ್ಕಕ್ಕೆ ಬಾರದ ಧೂಳು

ಹೊಸಪೇಟೆಯಲ್ಲಿ ಬಿಳಿ ಬಟ್ಟೆಗೆ ಆಯುಷ್ಯ ಕಡಿಮೆ ಎಂದು ನಮ್ಮ ಅತ್ತೆಯವರು ಹೇಳುತ್ತಿದ್ದರು. 1996ರಲ್ಲಿ ಕಂಪ್ಲಿಯಿಂದ ಮದುವೆಯಾಗಿ ಬಂದ ನನಗೆ ಅದು ಹೊಸ ಸೊಸೆಯ ಒಗೆಯುವ ಕೈಯನ್ನು ಪರೀಕ್ಷಿಸುವ ಮಾತಿನಂತೆ ಕೇಳಿಸಿತ್ತು. ಅವರು ಹೇಳುತ್ತಿದ್ದದ್ದು ಆಗಿನ ಸಾಧಾರಣ ಕೆಂಪು ಮಣ್ಣಿನ ಬಗ್ಗೆ. ಗಾಳಿ ಎದ್ದಾಗ ಒಂದಿಷ್ಟು ಬಂದು ಕಿಟಕಿಯ ಕಟ್ಟೆಯ ಮೇಲೆ ಕೂರುತ್ತಿತ್ತು, ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತಿತ್ತು. ಇನ್ನು ಏಳೆಂಟು ವರ್ಷಗಳಲ್ಲಿ ಎಂಥ ಧೂಳು ಬರಲಿದೆ ಎಂಬುದು ಪಾಪ, ಅವರಿಗೂ ಗೊತ್ತಿರಲಿಲ್ಲ.

ನಮ್ಮ ಊರಿನ ಮಹಡಿ ಹತ್ತಿ ನಿಂತರೆ ಎರಡು ಬಗೆಯ ಗುಡ್ಡಗಳು ಕಾಣುತ್ತವೆ. ಹಂಪಿಯ ಕಡೆ ಬೋಳು ಬಂಡೆಗಳು, ಯಾರೋ ಆಡಿ ಬಿಟ್ಟುಹೋದ ಗಜಗದ ಕಲ್ಲುಗಳ ಹಾಗೆ ಒಂದರ ಮೇಲೊಂದು. ಸಂಡೂರಿನ ಕಡೆ ಉದ್ದಕ್ಕೆ ಮಲಗಿದ ಗುಡ್ಡದ ಸಾಲು, ಮಳೆಗಾಲದಲ್ಲಿ ಹಸಿರು, ಬೇಸಿಗೆಯಲ್ಲಿ ಕೆಂಪು. ಮೊದಲಿನದು ಗ್ರಾನೈಟು, ಎರಡನೆಯದರ ಹೊಟ್ಟೆಯಲ್ಲಿ ಕಬ್ಬಿಣದ ಅದಿರು. ಸಮಾಜ ವಿಜ್ಞಾನದ ಪಾಠ ಮಾಡುವಾಗ ಸಂಡೂರಿನ ಆ ಶಿಲೆಗಳಿಗೆ ಸುಮಾರು 270 ಕೋಟಿ ವರ್ಷ ವಯಸ್ಸು ಎಂದರೆ ಮಕ್ಕಳು ಕೋಟಿಯನ್ನು ರೂಪಾಯಿಯ ಕೋಟಿ ಎಂದೇ ತಿಳಿದು ಬಾಯಿ ತೆರೆಯುತ್ತಿದ್ದವು. ಆ ಕಾಲದಲ್ಲಿ ನಮ್ಮ ಕಡೆ ಕೋಟಿ ಎಂದರೆ ಬೇರೆ ಅರ್ಥವೂ ಇರಲಿಲ್ಲ ಬಿಡಿ.

ಗಣಿಗಾರಿಕೆಯೇನೂ ನಮಗೆ ಹೊಸದಲ್ಲ. ಸಂಡೂರಿನ ಮ್ಯಾಂಗನೀಸ್ ಕಂಪನಿ 1954ರಷ್ಟು ಹಳೆಯದು. ದೋಣಿಮಲೈಯಲ್ಲಿ ಕೇಂದ್ರ ಸರ್ಕಾರದ ಗಣಿ 1977ರಲ್ಲಿ ಶುರುವಾಯಿತು, ಅಲ್ಲಿನ ಕಾಲೋನಿಯಲ್ಲಿ ಮನೆ ಸಿಕ್ಕ ಅಳಿಯನೆಂದರೆ ಹೆಣ್ಣು ಹೆತ್ತವರಿಗೆ ನಿಶ್ಚಿಂತೆ. ಅದಿರು ತುಂಬಿದ ಗೂಡ್ಸು ಗಾಡಿ ಹೋಗುವುದನ್ನು ನೋಡುತ್ತ ನಿಂತ ನೆನಪು ಎಲ್ಲರಿಗೂ ಇದೆ. ರೊಟ್ಟಿ ಬೇಯಿಸುವ ಹಂಚಿನಿಂದ ಹಿಡಿದು ಹೊಲಿಗೆ ಸೂಜಿಯವರೆಗೆ ಕಬ್ಬಿಣವಿಲ್ಲದೆ ನಮಗೆ ಬೆಳಗಾಗುವುದಿಲ್ಲ. ಹಾಗಾಗಿ ಗುಡ್ಡವನ್ನು ಮುಟ್ಟಲೇಬಾರದು ಎಂದು ಹೇಳುವವಳು ನಾನಲ್ಲ. ಎಷ್ಟು, ಎಷ್ಟು ಬೇಗ, ಯಾರ ಮನೆಯ ಅಂಗಳದ ಮೇಲೆ ಎನ್ನುವುದಷ್ಟೇ ನನ್ನ ಪ್ರಶ್ನೆ.

2003ರ ಸುಮಾರಿಗೆ ಚೀನಾದಲ್ಲಿ ಉಕ್ಕಿನ ಹಸಿವು ಹೆಚ್ಚಿತು. 2008ರ ಬೀಜಿಂಗ್ ಒಲಿಂಪಿಕ್ಸಿಗೆ ಕಟ್ಟಡಗಳೇಳುತ್ತಿವೆ, ಅದಕ್ಕೆ ನಮ್ಮ ಮಣ್ಣು ಬೇಕಂತೆ ಎಂದು ಚಹಾದಂಗಡಿಯಲ್ಲಿ ಕೂತವರೂ ಹೇಳುವಂತಾಯಿತು. ನಮ್ಮ ಕಡೆ ಅದಿರನ್ನು ಅದಿರು ಎನ್ನುವುದಿಲ್ಲ, ಮಣ್ಣು ಎಂದೇ ಹೇಳುತ್ತೇವೆ. ಟನ್ನಿಗೆ ನೂರುಗಳಲ್ಲಿದ್ದ ಬೆಲೆ ಸಾವಿರಗಳಿಗೆ ಏರಿತು. ಸರ್ಕಾರಕ್ಕೆ ಕಟ್ಟಬೇಕಾದ ರಾಜಧನ ಮಾತ್ರ ಟನ್ನಿಗೆ ಹೆಚ್ಚೆಂದರೆ 27 ರೂಪಾಯಿ. ಅದನ್ನು ಬೆಲೆಯ ಶೇಕಡಾ 10 ಎಂದು ಬದಲಿಸಿದ್ದು 2009ರಲ್ಲಿ, ಆ ಹೊತ್ತಿಗೆ ಎಷ್ಟೋ ಗುಡ್ಡಗಳ ನೆತ್ತಿ ಇಳಿದುಹೋಗಿತ್ತು. ಒಂದು ಕೆಜಿ ತೊಗರಿಬೇಳೆಗೆ ಕೊಡುವ ಹಣಕ್ಕಿಂತ ಕಡಿಮೆಗೆ ಒಂದು ಟನ್ ಗುಡ್ಡ! ನಾನೇನು ಅರ್ಥಶಾಸ್ತ್ರ ಓದಿದವಳಲ್ಲ, ಬಿ.ಎ.ಯಲ್ಲಿ ಇತಿಹಾಸ ತೆಗೆದುಕೊಂಡವಳು. ಆದರೆ ಸಂತೆಗೆ ಹೋಗಿ ಬರುವ ಯಾವ ಹೆಂಗಸಿಗೂ ಈ ವ್ಯಾಪಾರ ಸರಿಯಲ್ಲ ಎಂದು ಗೊತ್ತಾಗುತ್ತದೆ.

ಆಗ ನಾನು ಹೊಸಪೇಟೆ–ಸಂಡೂರು ದಾರಿಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿದ್ದೆ. ಊರಿನ ಹೆಸರು ಬೇಡ, ಆ ಸಾಲಿನ ಯಾವ ಹಳ್ಳಿಯ ಕತೆಯೂ ಹೀಗೇ. ಬೆಳಿಗ್ಗೆ ಬಸ್ಸಿಗೆ ನಿಂತರೆ ಬಸ್ಸು ಕಾಣುವ ಮೊದಲು ಲಾರಿಗಳ ಸಾಲು ಕಾಣುತ್ತಿತ್ತು. ಒಂದರ ಹಿಂದೆ ಒಂದು, ಬೇಲೇಕೇರಿಗೆ, ಗೋವಾಕ್ಕೆ, ಮಂಗಳೂರಿಗೆ, ಆಂಧ್ರದ ಕೃಷ್ಣಪಟ್ಟಣಕ್ಕೆ. ಮೇಲೆ ಟಾರ್ಪಾಲು ಕಟ್ಟಿದ್ದರೆ ಪುಣ್ಯ. ಗಾಲಿಗಳ ಕೆಳಗೆ ರಸ್ತೆಯೇ ಹಿಟ್ಟಾಗಿ ಏಳುತ್ತಿತ್ತು. ಅರ್ಧ ಗಂಟೆಯ ದಾರಿಗೆ ಎರಡು ಗಂಟೆ. ಶಾಲೆ ತಲುಪುವಾಗ ನನ್ನ ತಲೆಗೂದಲು, ರೆಪ್ಪೆ, ಕೈಚೀಲ ಎಲ್ಲವೂ ಒಂದೇ ಬಣ್ಣ. ಜಡೆ ಕೊಡವಿಕೊಂಡೇ ಹಾಜರಿ ಪುಸ್ತಕ ತೆರೆಯುವುದು ರೂಢಿಯಾಗಿತ್ತು.

ಧೂಳೆಂದರೆ ನೀವು ನಿಮ್ಮ ಊರಿನ ಧೂಳನ್ನು ನೆನಪಿಸಿಕೊಳ್ಳಬೇಡಿ. ಇದು ಕಬ್ಬಿಣದ ಹಿಟ್ಟು, ಭಾರ ಹೆಚ್ಚು, ಬೆರಳಿನಲ್ಲಿ ತಿಕ್ಕಿದರೆ ಕುಂಕುಮದಂತೆ ಅಂಟುತ್ತದೆ. ಒರೆಸಿದರೆ ಹೋಗುವುದಿಲ್ಲ, ಬಳಿದುಕೊಳ್ಳುತ್ತದೆ. ಬೇವಿನ ಮರದ ಎಲೆಯ ಮೇಲೆ ಕೂತರೆ ಮುಂದಿನ ಮಳೆಯವರೆಗೆ ಅಲ್ಲೇ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಸಂಡಿಗೆ ಇಡುವುದನ್ನು ಆ ಊರಿನವರು 2005ರ ಹೊತ್ತಿಗೆ ಬಿಟ್ಟೇಬಿಟ್ಟರು. ಯಾರೋ ಒಬ್ಬಾಕೆ ಹಟ ಹಿಡಿದು ಇಟ್ಟಳಂತೆ, ಸಂಜೆಗೆ ಗುಲಾಬಿ ಬಣ್ಣದ ಸಂಡಿಗೆ. ಕರಿದಾಗ ಮಕ್ಕಳು ಬಣ್ಣ ಹಾಕಿದ ಸಂಡಿಗೆಯೆಂದು ಖುಷಿಪಟ್ಟು ತಿಂದವು, ಹಲ್ಲಿನಲ್ಲಿ ಕರಕರ ಎಂದಿತು. ಇದನ್ನು ಹೇಳಿ ಅವರೆಲ್ಲ ನಗುತ್ತಿದ್ದರು. ನಾನೂ ನಕ್ಕೆ. ಆದರೆ ವರ್ಷದ ಹಪ್ಪಳ ಸಂಡಿಗೆ, ಒಣಮೆಣಸಿನಕಾಯಿ, ಬೇಳೆಕಾಳು ಒಣಗಿಸುವುದೆಲ್ಲ ನಿಂತು ಅಂಗಡಿಯಿಂದ ತರುವಂತಾದರೆ ಒಂದು ಸಂಸಾರಕ್ಕೆ ಎಷ್ಟು ಹೆಚ್ಚಿನ ಖರ್ಚು, ನೀವೇ ಲೆಕ್ಕ ಹಾಕಿ.

ಒಂಬತ್ತನೆಯ ತರಗತಿಯ ಮಕ್ಕಳಿಗೆ ಒಮ್ಮೆ ಒಂದು ಕೆಲಸ ಕೊಟ್ಟಿದ್ದೆ. ಮನೆಯಲ್ಲಿ ಅವ್ವ ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡುತ್ತಾಳೆ, ಒಂದು ದಿನದ್ದು ಬರೆದುಕೊಂಡು ಬನ್ನಿ ಎಂದು. ಪಠ್ಯದಲ್ಲಿ ದುಡಿಮೆ ಮತ್ತು ಆದಾಯ ಎಂಬ ಪಾಠವಿತ್ತು, ಅದಕ್ಕೆ ಉದಾಹರಣೆಯಾಗಲಿ ಎಂದಷ್ಟೇ ನನ್ನ ಯೋಚನೆ. ಮಕ್ಕಳು ಬರೆದು ತಂದದ್ದರಲ್ಲಿ ಅರ್ಧಕ್ಕರ್ಧ ಧೂಳೇ. ಕಸ ಹೊಡೆದಳು, ನೀರು ತಂದಳು, ಮತ್ತೆ ಕಸ ಹೊಡೆದಳು, ಕೊಡಗಳನ್ನು ಹುಣಸೆಹಣ್ಣಿನಿಂದ ತಿಕ್ಕಿದಳು, ಮತ್ತೆ ಕಸ ಹೊಡೆದಳು. ಒಬ್ಬ ಹುಡುಗ ನಾಲ್ಕು ಸಲ ನೆಲ ಒರೆಸಿದ್ದನ್ನು ಬರೆದು ಪಕ್ಕದಲ್ಲಿ ಅದಕ್ಕೆ ಬೇಕಾದ ನೀರಿನ ಕೊಡಗಳನ್ನೂ ಎಣಿಸಿದ್ದ. ನೀರಾದರೂ ಎಲ್ಲಿಯದು? ಊರ ಕೈಪಂಪಿನ ಮುಂದೆ ಸಾಲು. ಗುಡ್ಡದಲ್ಲಿ ಆಳಕ್ಕೆ ತೋಡಿದಂತೆ ಬುಡದ ಊರುಗಳ ಬಾವಿಗಳು ಇಳಿಯುತ್ತಿದ್ದವು. ರೂಪಾಯಿಯ ಕಾಲಂನಲ್ಲಿ ಏನು ಬರೆಯಬೇಕು ಟೀಚರ್ ಎಂದು ಆ ಹುಡುಗ ಕೇಳಿದ. ಸೊನ್ನೆ ಬರಿ ಎನ್ನಲು ನನಗೆ ಬಾಯಿ ಬರಲಿಲ್ಲ, ಖಾಲಿ ಬಿಡು ಎಂದೆ.

ಆ ದಿನಗಳಲ್ಲಿ ಹಾಜರಿಯೂ ಇಳಿಯುತ್ತ ಬಂತು. ಮೊದಲು ದೊಡ್ಡ ಹುಡುಗರು ಲಾರಿಯ ಕ್ಲೀನರುಗಳಾಗಿ ಹೋದರು. ಆಮೇಲೆ ಹೊಲಗಳಲ್ಲೇ ಮಣ್ಣು ತೆಗೆಯುವುದು ಶುರುವಾಯಿತು. ಗುಡ್ಡದಿಂದ ತಲೆಮಾರುಗಳ ಕಾಲ ಉರುಳಿ ಬಂದ ಅದಿರಿನ ಕಲ್ಲುಗಳು ಬುಡದ ಹೊಲಗಳಲ್ಲಿ ಮೇಲೆಯೇ ಸಿಗುತ್ತವೆ. ಪಟ್ಟಾ ಜಮೀನನ್ನು ಗುತ್ತಿಗೆಗೆ ಕೊಟ್ಟರೆ ಸಾಕು, ಯಂತ್ರ ಬಂದು ಅಗೆಯುತ್ತಿತ್ತು. ಹೆಂಗಸರು ಮಕ್ಕಳು ಕೂತು ಸುತ್ತಿಗೆಯಿಂದ ಕಲ್ಲು ಒಡೆದು, ಜರಡಿ ಹಿಡಿದು ಗುಡ್ಡೆ ಹಾಕುತ್ತಿದ್ದರು. ನನ್ನ ತರಗತಿಯ ಒಂದು ಹುಡುಗಿ, ಅಕ್ಷರ ಮುತ್ತಿನ ಹಾಗೆ, ದೀಪಾವಳಿ ರಜೆ ಮುಗಿದರೂ ಬರಲಿಲ್ಲ. ಅವಳ ಮನೆ ಹುಡುಕಿಕೊಂಡು ಹೋದೆ. ಮನೆಯಲ್ಲಿ ಯಾರೂ ಇಲ್ಲ, ಹೊಲದಲ್ಲಿದ್ದರು. ಹೊಲ ಎಂದೆನಲ್ಲ, ಅದು ಆಗಲೇ ಗುಂಡಿಯಾಗಿತ್ತು. ತಾಯಿ ಮಗಳು ಇಬ್ಬರೂ ಮುಖಕ್ಕೆ ಸೆರಗು, ದುಪ್ಪಟ್ಟಾ ಸುತ್ತಿಕೊಂಡು ಜರಡಿಯ ಎರಡು ತುದಿ ಹಿಡಿದಿದ್ದರು. ಕಣ್ಣಷ್ಟೇ ಕಾಣುತ್ತಿತ್ತು. ಹುಡುಗಿ ನನ್ನನ್ನು ನೋಡಿ ಜರಡಿ ಬಿಟ್ಟು ನಿಂತಳು.

“ಸಾಲಿಗೆ ಕಳಸ್ರೆವ್ವಾ, ಇನ್ನೊಂದೂವರೆ ವರ್ಷ, ಎಸ್ಸೆಸ್ಸೆಲ್ಸಿ ಆಗಿಬಿಡ್ತೈತಿ,” ಎಂದೆ.

ತಾಯಿ ಸೆರಗು ಕೆಳಗಿಳಿಸಿ ಉಗುಳಿದಳು, ಉಗುಳೂ ಕೆಂಪಗಿತ್ತು. “ಟೀಚರಮ್ಮಾ, ನಾನೇನ್ ಬ್ಯಾಡ ಅಂತೀನೇನ್ರಿ? ಜ್ವಾಳ ಹಾಕಿದ್ವಿ, ತೆನಿ ತುಂಬಾ ಕೆಂಪು ಕುಂತಿತ್ತು. ಸೊಪ್ಪಿ ಹಾಕಿದ್ರ ಎಮ್ಮಿನೂ ಮೂಸಿ ಬಿಟ್ಟು ಹೋತು. ಪಕ್ಕದ ಹೊಲದಾಗ ಮಣ್ಣು ತಗಿಯಾಕ ಹತ್ತಿದ ಮ್ಯಾಲೆ ನಮ್ಮ ಹೊಲ ಇದ್ರೂ ಒಂದ, ಇರದಿದ್ರೂ ಒಂದ. ಅದಕ್ಕ ಕೊಟ್ವಿ.”

ಇದಕ್ಕೆ ಯಾವ ಉತ್ತರ ಕೊಡಲಿ? ಆಸೆಬುರುಕರು ಹೊಲ ಮಾರಿಕೊಂಡರು ಎಂದು ಪೇಟೆಯಲ್ಲಿ ಕೂತು ಹೇಳುವುದು ಸುಲಭ, ಹೇಳಿದವರನ್ನು ಬಹಳ ಕೇಳಿದ್ದೇನೆ. ಆ ತಾಯಿ ಮೊದಲು ಬೆಳೆ ಕಳೆದುಕೊಂಡಳು, ಹೊಲ ಕೊಟ್ಟದ್ದು ಆಮೇಲೆ. ಗುತ್ತಿಗೆಯ ಹಣದಲ್ಲಿ ಒಂದು ಬೈಕು ಬಂತು, ಟಿ.ವಿ. ಬಂತು, ಗಂಡ ಹೊಸಪೇಟೆಗೆ ಹೋಗಿ ಬರುವುದು ಹೆಚ್ಚಾಯಿತು. ಎರಡು ವರ್ಷಕ್ಕೆ ಹಣ ಮುಗಿಯಿತು. ಒಂದಿಂಚು ಮೇಲ್ಮಣ್ಣು ಆಗಲು ನೂರಾರು ವರ್ಷ ಬೇಕು ಎಂದು ನಾವು ಪಾಠ ಮಾಡುತ್ತೇವಲ್ಲ, ಆ ಮಣ್ಣು ಮೊದಲ ವಾರದಲ್ಲೇ ಬೇಡದ ಮಣ್ಣೆಂದು ಬದಿಗೆ ತಳ್ಳಿಸಿಕೊಂಡು ಮಳೆಗೆ ಹಳ್ಳ ಸೇರಿತ್ತು.

ನನ್ನ ತಂಗಿಯ ಮಗಳು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿದ್ದಾಳೆ. ಅಲ್ಲಿ ನೆಲದಡಿ ಒಂದೆರಡು ಕಿಲೋಮೀಟರ್ ಆಳದಲ್ಲಿ ಶೇಲ್ ಎಂಬ ಪದರಗಲ್ಲಿದೆ, ಅದರೊಳಗೆ ಅನಿಲ ಸಿಕ್ಕಿಕೊಂಡಿದೆ. ಮರಳು, ರಾಸಾಯನಿಕ ಬೆರೆಸಿದ ನೀರನ್ನು ಭಾರೀ ಒತ್ತಡದಲ್ಲಿ ನುಗ್ಗಿಸಿ ಆ ಕಲ್ಲನ್ನು ಸೀಳಿ ಅನಿಲ ತೆಗೆಯುತ್ತಾರೆ. ಒಂದೊಂದು ಬಾವಿಗೆ ಕೋಟಿ ಲೀಟರಿಗೂ ಮೀರಿ ನೀರು ಬೇಕು, ಆ ನೀರು ಮರಳು ಹೊರಲು ಹಳ್ಳಿಯ ದಾರಿಗಳಲ್ಲಿ ಲಾರಿಗಳ ಸಾಲು. ನಮ್ಮಲ್ಲಿ ಅದಿರಿನ ಅಬ್ಬರವಿದ್ದ 2008ರ ಹೊತ್ತಿನಲ್ಲೇ ಅಲ್ಲಿ ಇದರ ಅಬ್ಬರ. ರೈತರಿಗೆ ಗುತ್ತಿಗೆ ಹಣ ಕೊಟ್ಟು ಜಮೀನು ಹಿಡಿದರು. ಡಿಮಾಕ್ ಎಂಬ ಊರಿನಲ್ಲಿ ಕುಡಿಯುವ ನೀರಿನ ಬಾವಿಗಳಿಗೆ ಮೀಥೇನ್ ಸೇರಿತೆಂದು 2009ರಿಂದ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. ಪಕ್ಕದ ನ್ಯೂಯಾರ್ಕ್ ರಾಜ್ಯ ಇದನ್ನೆಲ್ಲ ನೋಡಿ 2014ರಲ್ಲಿ ನಮ್ಮಲ್ಲಿ ಬೇಡ ಎಂದುಬಿಟ್ಟಿತು. “ದೊಡ್ಡಮ್ಮ, ಇಲ್ಲಿ ಒಬ್ಬರ ಹೊಲದಲ್ಲಿ ಬಾವಿ ಕೊರೆದರೆ ರಾಯಧನ ಅವರಿಗೆ, ಸದ್ದು ಧೂಳು ಪಕ್ಕದ ಮನೆಯವರಿಗೆ. ಥೇಟ್ ನಮ್ಮ ಪಾಪಿನಾಯಕನಹಳ್ಳಿ,” ಎಂದು ಫೋನಿನಲ್ಲಿ ಅವಳು ಹೇಳಿದಾಗ, ಅಲ್ಲಿ ಒರೆಸುವವರು ಯಾರಮ್ಮ ಎಂದು ಕೇಳಿದೆ. ಅವಳು ನಕ್ಕಳು. ಕುಡಿಯುವ ನೀರಿನ ಬಾಟಲಿಗಳನ್ನು ಅಂಗಡಿಯಿಂದ ಹೊತ್ತು ತರುವವರು ಅಲ್ಲಿಯೂ ಹೆಂಗಸರೇ ಅಂತೆ.

ನನ್ನ ತವರು ಕಂಪ್ಲಿ ಬತ್ತದ ಸೀಮೆ. ಅಲ್ಲಿಗೆ ಧೂಳು ಬರಲಿಲ್ಲ. “ನಿಮ್ಮೂರಿಂದ ಬಂದ್ರೆ ಮೊದಲು ಬಚ್ಚಲಿಗೆ ಹೋಗು,” ಎಂದು ಅಣ್ಣ ತಮಾಷೆ ಮಾಡುತ್ತಿದ್ದ. ತಮಾಷೆ ಬಹಳ ದಿನ ನಡೆಯಲಿಲ್ಲ. ಗದ್ದೆ ಕೆಲಸದ ಹುಡುಗರು ಒಬ್ಬೊಬ್ಬರಾಗಿ ಮೈನ್ಸಿಗೆಂದು ಹೊರಟುಹೋದರು. ನಾಟಿ, ಕಳೆ ಮೊದಲಿನಿಂದಲೂ ಹೆಂಗಸರದೇ, ಈಗ ಮೂಟೆ ಹೊರುವುದೂ ಅವರ ಪಾಲಿಗೆ ಬಂತು. ಇನ್ನು ನೀರಿನ ಮಾತು. ಸಂಡೂರಿನ ನಾರಿಹಳ್ಳ ಭೀಮನಗಂಡಿ, ಓಬಳಗಂಡಿಗಳಲ್ಲಿ ಗುಡ್ಡ ಸೀಳಿಕೊಂಡು ಹೊರಬಂದು ದರೋಜಿ ಕೆರೆಯ ಕಡೆ ಹರಿಯುತ್ತದೆ. ದರೋಜಿ ಎಂದರೆ ಕರಡಿಧಾಮವಿರುವ ಊರು, 1994ರಲ್ಲಿ ಘೋಷಣೆಯಾದದ್ದು. ಆ ವರ್ಷಗಳ ಮಳೆಗಾಲದಲ್ಲಿ ಹಳ್ಳದ ನೀರು ನೋಡಿದರೆ ಯಾರೋ ಮೇಲೆ ಕೂತು ರಾಗಿಯಲ್ಲ, ಕಾವಿ ಮಣ್ಣು ಕದಡುತ್ತಿದ್ದಾರೆ ಎನಿಸುತ್ತಿತ್ತು. ಹಳ್ಳದ ದಂಡೆಯ ಹೊಲಗಳಲ್ಲಿ ಆ ರಾಡಿ ಒಣಗಿ ಗಟ್ಟಿ ಹೆಪ್ಪಾಗಿ ನಿಲ್ಲುತ್ತಿತ್ತು.

ವರ್ಷಕ್ಕೊಮ್ಮೆ ಮಕ್ಕಳನ್ನು ಹಂಪಿಗೆ ಕರೆದೊಯ್ಯುತ್ತಿದ್ದೆವು. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು, ಇಲ್ಲಿ ಒಂದು ಕಲ್ಲನ್ನೂ ಕದಲಿಸುವಂತಿಲ್ಲ ಎಂದು ವಿಠಲ ದೇವಸ್ಥಾನದ ಅಂಗಳದಲ್ಲಿ ನಿಂತು ಹೇಳುತ್ತಿದ್ದಾಗ ಒಬ್ಬ ಹುಡುಗ, “ಮತ್ತೆ ನಮ್ಮ ಕುಮಾರಸ್ವಾಮಿ ಗುಡೀನೂ ಹಳೇದಲ್ರಿ ಟೀಚರ್?” ಎಂದ. ಹೌದಪ್ಪ, ವಿಜಯನಗರಕ್ಕಿಂತ ನೂರಾರು ವರ್ಷ ಹಳೆಯದು. ಸಂಡೂರಿನ ಗುಡ್ಡದ ನೆತ್ತಿಯ ಕಾಡಿನಲ್ಲಿರುವ ಆ ಕುಮಾರಸ್ವಾಮಿ ಗುಡಿಯೊಳಗೆ ಹೆಂಗಸರು ಹೋಗುವ ಪದ್ಧತಿಯಿಲ್ಲ. ನಾವು ಪಕ್ಕದ ಪಾರ್ವತಿಗೆ ಕೈಮುಗಿದು ಬರಬೇಕು. ಅದರ ಬಗ್ಗೆ ನನ್ನ ತಕರಾರು ಈಗ ಬೇಡ. ಹೆಂಗಸರ ನೆರಳು ಬೀಳಬಾರದ ಜಾಗದ ಆಸುಪಾಸಿನ ಬೆಟ್ಟಗಳಲ್ಲಿ ಸಿಡಿಮದ್ದು ಸಿಡಿಯುವುದಕ್ಕೆ ಯಾವ ಮಡಿಯೂ ಅಡ್ಡ ಬರಲಿಲ್ಲವಲ್ಲ ಎಂದು ಮಾತ್ರ ಅನ್ನಿಸಿದೆ. ಸೆಪ್ಟೆಂಬರಿನಲ್ಲಿ ಸಂಡೂರು ನೋಡಬೇಕು ಎಂಬ ಮಾತು ನಮ್ಮ ಕಡೆ ಹಳೆಯದು. ಮಳೆ ಮುಗಿಯುವ ಆ ಹೊತ್ತಿನಲ್ಲಿ ಗುಡ್ಡದ ತುಂಬ ಹೂವು, ಹುಲ್ಲು, ಮೋಡ. ಸುಶೀಲಾನಗರದ ಲಂಬಾಣಿ ಅಕ್ಕಂದಿರು ಬಟ್ಟೆಯ ಮೇಲೆ ಹಾಕುವ ಕಸೂತಿಯಲ್ಲಿ ಇರುವಷ್ಟು ಬಣ್ಣ ಗುಡ್ಡದಲ್ಲೂ ಇರುತ್ತಿತ್ತು.

ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಮೊದಲ ವರದಿ 2008ರ ಡಿಸೆಂಬರಿನಲ್ಲಿ, ಎರಡನೆಯದು 2011ರ ಜುಲೈ 27ರಂದು ಬಂತು. ಎರಡೇ ದಿನಕ್ಕೆ, ಜುಲೈ 29ರಂದು, ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಸಮಾಜ ಪರಿವರ್ತನ ಸಮುದಾಯದವರು ಹಾಕಿದ್ದ ಅರ್ಜಿ ಅದು. ಮುಖ್ಯಮಂತ್ರಿಗಳೇ ರಾಜೀನಾಮೆ ಕೊಟ್ಟರು. ರಾಜ್ಯಕ್ಕೆ ಆದ ನಷ್ಟ 16 ಸಾವಿರ ಕೋಟಿ ರೂಪಾಯಿಗೂ ಮೇಲೆ ಎಂದು ವರದಿ ಹೇಳಿತು. ಯಾವ ಪರವಾನಗಿ, ಯಾವ ಲಾರಿ, ಯಾವ ಬಂದರು, ಎಲ್ಲದರ ಲೆಕ್ಕ ತೆಗೆದ ಆ ಅಧಿಕಾರಿಗಳಿಗೆ ನಾವು ಋಣಿ. ನನ್ನ ವಿದ್ಯಾರ್ಥಿ ಖಾಲಿ ಬಿಟ್ಟ ಕಾಲಂ ತುಂಬುವುದು ಅವರ ಕೆಲಸವಾಗಿರಲಿಲ್ಲ.

ಲಾರಿ ನಿಂತ ಮೊದಲ ವಾರ ಊರಿಗೆ ಊರೇ ಕಿವುಡಾದಂತಿತ್ತು. ನಿದ್ದೆಯಲ್ಲಿ ಎಚ್ಚರವಾಗಿ ಸದ್ದೇಕಿಲ್ಲ ಎಂದು ಎದ್ದು ಕೂತವರುಂಟು. ಬೇವಿನ ಮರ ಒಂದು ಮಳೆಗೆ ತೊಳೆದುಕೊಂಡು ನಿಂತಿತು. ಆದರೆ ನಾಲ್ಕೇ ತಿಂಗಳಲ್ಲಿ ಬಡ್ಡಿ ಕಟ್ಟಲಾರದ ಲಾರಿಗಳನ್ನು ಫೈನಾನ್ಸಿನವರು ಎಳೆದುಕೊಂಡು ಹೋದರು. ಹೆಂಡತಿಯ ಮೈಮೇಲಿನ ಬಂಗಾರ ಅಡವಿಟ್ಟು ಲಾರಿ ತೆಗೆದಿದ್ದವರ ಮನೆಗಳಲ್ಲಿ ಒಲೆ ಹಚ್ಚಲೂ ಬೇಸರ. ಕಲ್ಲು ಒಡೆಯುತ್ತಿದ್ದವರಿಗೆ ಕೂಲಿ ಇಲ್ಲ, ಮರಳಿ ಹೋಗಲು ಹೊಲವೂ ಇಲ್ಲ. ಗಣಿ ನಿಂತದ್ದಕ್ಕೆ ನಾನು ಸಂತೋಷಪಟ್ಟೆ ಎಂದು ಆ ಹೆಂಗಸರ ಮುಂದೆ ಹೇಳುವ ಹಾಗಿರಲಿಲ್ಲ.

2013ರ ಏಪ್ರಿಲಿನಲ್ಲಿ ಕೋರ್ಟು ನಿಯಮ ಹಾಕಿ ಮತ್ತೆ ತೆರೆಯಲು ಒಪ್ಪಿತು. ಹೆಚ್ಚು ತಪ್ಪು ಮಾಡಿದ ಗಣಿಗಳು ರದ್ದಾದವು, ವರ್ಷಕ್ಕೆ ಇಷ್ಟೇ ಎಂದು ಮಿತಿ ಬಂತು. ಬಳ್ಳಾರಿಗೆ ಮೊದಲು ಎರಡೂವರೆ ಕೋಟಿ ಟನ್, 2017ರಲ್ಲಿ 2.8 ಕೋಟಿ, 2022ರಲ್ಲಿ ಮೂರೂವರೆ ಕೋಟಿ. ಏರುತ್ತಿರುವುದು ನಿಮಗೂ ಕಾಣುತ್ತದೆ. ಮೊದಲಿನ ಅರಾಜಕತೆ ಈಗಿಲ್ಲ, ಅದನ್ನು ಒಪ್ಪಬೇಕು. ರಸ್ತೆಗೆ ಟ್ಯಾಂಕರಿನಲ್ಲಿ ನೀರು ಹೊಡೆಯುತ್ತಾರೆ. 2024ರಲ್ಲಿ ದೇವದಾರಿ ಬೆಟ್ಟದಲ್ಲಿ ಹೊಸ ಗಣಿಗೆ 400 ಹೆಕ್ಟೇರ್ ಕಾಡು, 99 ಸಾವಿರದಷ್ಟು ಮರ ಹೋಗುತ್ತವೆಂಬ ಸುದ್ದಿ ಬಂದಾಗ ಸಂಡೂರಿನ ಜನ ಬೀದಿಗಿಳಿದರು, ರಾಜ್ಯ ಸರ್ಕಾರ ಅರಣ್ಯ ಹಸ್ತಾಂತರಿಸಬೇಡಿ ಎಂದು ಸೂಚಿಸಿತು. ಗಣಿಯ ಮಾಲು ಹರಾಜಿನಿಂದ ತೆಗೆದಿಟ್ಟ ಹಣದಲ್ಲಿ ಗಣಿಬಾಧಿತ ಹಳ್ಳಿಗಳಿಗೆಂದೇ ಒಂದು ನಿಗಮವಿದೆ, 20 ಸಾವಿರ ಕೋಟಿ ರೂಪಾಯಿಗೂ ಮೀರಿದ ಯೋಜನೆ. ರಸ್ತೆ, ರೈಲು, ಆಸ್ಪತ್ರೆ, ಶಾಲಾ ಕೊಠಡಿ ಎಲ್ಲವೂ ಅದರಲ್ಲಿವೆ.

ಹೋದ ವರ್ಷ ಆ ಹಳ್ಳಿಗೆ ಒಂದು ಮದುವೆಗೆ ಹೋಗಿದ್ದೆ. ಮುತ್ತಿನಂಥ ಅಕ್ಷರದ ಹುಡುಗಿ ಈಗ ಎರಡು ಮಕ್ಕಳ ತಾಯಿ, ತವರಲ್ಲೇ ಇದ್ದಾಳೆ, ಹೊಲಿಗೆ ಮಾಡುತ್ತಾಳೆ. ಹತ್ತನೆಯದನ್ನು ಆಮೇಲೆ ಹೊರಗಿನಿಂದ ಕಟ್ಟಿ ಪಾಸು ಮಾಡಿಕೊಂಡಳಂತೆ. ಊಟವಾದ ಮೇಲೆ ಹೊಲ ತೋರಿಸುತ್ತೇನೆಂದು ಕರೆದೊಯ್ದಳು. ಗುಂಡಿಯಲ್ಲಿ ಮಳೆ ನೀರು ನಿಂತಿತ್ತು, ಸುತ್ತ ಜಾಲಿ ಬೆಳೆದಿತ್ತು. ಹಣ ಬರುತ್ತದಂತಲ್ಲ, ಹೊಲಕ್ಕೆ ಮಣ್ಣು ತುಂಬಿಸಿಕೊಡಿ ಎಂದು ಅರ್ಜಿ ಬರೆದರೆ ಆಗುತ್ತದಾ ಟೀಚರ್ ಎಂದು ಕೇಳಿದಳು. ಬರಿ ಎಂದೆ, ಎಷ್ಟು ಮಣ್ಣು ಬೇಕೆಂದೂ ಬರೆಯಬೇಕಾಗುತ್ತದೆ ಎಂದೆ. ಅವಳು ಗುಂಡಿಯ ಅಂಚಿನಲ್ಲಿ ನಿಂತು ಉದ್ದ, ಅಗಲ, ಆಳವನ್ನು ಕಣ್ಣಲ್ಲೇ ಅಳೆದಳು.

“ಒಂದ್ ಮುನ್ನೂರು ಲಾರಿ ಆಗಬಹುದೇನ್ರಿ?”

ಜಾಲಿಯ ನೆರಳಲ್ಲಿ ಕೂತಿದ್ದ ಅವಳ ತಾಯಿ ಲಾರಿ ಎಂಬ ಮಾತು ಕೇಳಿದ್ದೇ ಸೆರಗನ್ನು ಮೂಗಿಗೆ ಹಿಡಿದಳು.